ಮೀನಿಗೆ ಅಮ್ಮ ಆದದ್ದು

ನನ್ನ ತಂಗಿಯನ್ನು ಹಿಡಿದುಕೊಟ್ಟದ್ದು ಒಂದು ಮೀನು. ಹೆಬ್ಬೆರಳಿಗಿಂತ ಒಂಚೂರು ಉದ್ದ ಇದ್ದೀತು. ಹೀಗೆ ಹೇಳಿದರೆ ಮೊಮ್ಮಕ್ಕಳು ನಗುತ್ತವೆ. ನಗಲಿ. ನಗುವಂಥದ್ದೂ ಅದರಲ್ಲಿ ಇತ್ತು, ಇಲ್ಲ ಅನ್ನುವುದಿಲ್ಲ.

ಆಗ ನಾವು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ದೊರೆ ಎಸ್ಟೇಟಿನ ಲೈನಿನಲ್ಲಿದ್ದೆವು, ಕೂಲಿಯವರ ಸಾಲುಮನೆಗಳಲ್ಲಿ. ಬಿಳಿಯರ ಕಾಲ. ಎರಡನೇ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಅವ್ವ ಹಾಸನದ ಕಡೆಯಿಂದ ಮೇಸ್ತ್ರಿ ಕರೆದುಕೊಂಡು ಬಂದವರು. ನಾನೂ ತಂಗಿಯೂ ಲೈನಿನಲ್ಲೇ ಹುಟ್ಟಿದವರು. ಅಪ್ಪ ಕಾಫಿ ಗಿಡದ ಕೊಂಬೆ ಸವರಿ ಕಪಾತು ಮಾಡುವ ಗ್ಯಾಂಗಿನಲ್ಲಿದ್ದ. ಅವ್ವ ಮೊದಲು ಹಣ್ಣು ಕುಯ್ಯುತ್ತಿದ್ದಳು, ಆಮೇಲೆ ಬಂಗಲೆಯ ಕಸ ಗುಡಿಸುವುದಕ್ಕೆ ಹಾಕಿದರು. ನನಗೆ ಒಂಬತ್ತೋ ಹತ್ತೋ, ಲೆಕ್ಕ ಇಟ್ಟವರು ಯಾರು. ತಂಗಿ ಇನ್ನೂ ಸೊಂಟದ ಮೇಲೆ ಕೂರುವ ಕೂಸು, ಆದರೆ ಬಾಯಿ ಮಾತ್ರ ಊರಷ್ಟು.

ಆ ವರ್ಷ ದೊರಸಾನಿಗೆ ಸಮುದ್ರದ ಮೀನು ಸಾಕುವ ಹುಚ್ಚು ಹಿಡಿಯಿತು. ಕೊಡಗಿನಲ್ಲಿ ಸಮುದ್ರ ಎಲ್ಲಿಂದ ಬರಬೇಕು? ತಲಚೇರಿಯಿಂದ ಬಂತು, ಡ್ರಮ್ಮಿನಲ್ಲಿ. ಎಸ್ಟೇಟಿನ ಕಾಫಿ ತುಂಬಿಕೊಂಡು ಲಾರಿ ಘಾಟಿ ಇಳಿಯುತ್ತಿತ್ತು, ಬರುವಾಗ ಉಪ್ಪು, ತೆಂಗಿನಕಾಯಿ, ಒಣಮೀನು ತರುತ್ತಿತ್ತು. ಈಗ ಅದರ ಜೊತೆ ಸಮುದ್ರದ ನೀರು. ಡ್ರಮ್ಮು ಇಳಿಸಿದ ಆಳುಗಳು ಬೆರಳು ಅದ್ದಿ ನೆಕ್ಕಿ ನೋಡಿ ಉಗಿದರು. ಮೀನು ತಲಚೇರಿಯದ್ದೂ ಅಲ್ಲ. ಅದರಾಚೆ ಸಮುದ್ರದ ನಡುವೆ ದ್ವೀಪಗಳು ಇವೆಯಂತೆ, ಅಲ್ಲಿಂದ ಹಾಯಿದೋಣಿಯಲ್ಲಿ ತೆಂಗಿನ ನಾರಿನ ಹಗ್ಗ ತರುವ ಮಾಪಿಳ್ಳೆಗಳು ಮಡಕೆಯಲ್ಲಿ ಹಾಕಿ ತಂದುಕೊಟ್ಟದ್ದು. ನಾಲ್ಕು ಹೊರಟಿದ್ದವು, ಘಾಟಿ ಹತ್ತುವಷ್ಟರಲ್ಲಿ ಮೂರು ಸತ್ತವು.

ಬದುಕಿದ ಒಂದನ್ನು ಬಂಗಲೆಯ ಜಗಲಿಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಿಟ್ಟರು. ಬಿಳಿ ಬಟ್ಟೆಗೆ ನೀಲಿ ಹಾಕುತ್ತೇವಲ್ಲ, ಆ ನೀಲಿಯ ಉಂಡೆ ಒದ್ದೆಯಾದಾಗ ಒಂದು ಬಣ್ಣ ಬರುತ್ತದೆ, ಅದೇ ಬಣ್ಣ. ಹೊಟ್ಟೆಯ ಕೆಳಗೂ ಬಾಲವೂ ಅರಿಶಿನ ಬಳಿದ ಹಾಗೆ. ತೊಟ್ಟಿಯೊಳಗೆ ಒಂದು ಬಿಳಿ ಕಲ್ಲು ಇಟ್ಟಿದ್ದರು, ಕೊಂಬೆ ಕೊಂಬೆಯಾಗಿ ಕಳ್ಳಿಗಿಡದ ಹಾಗಿತ್ತು. ಹವಳದ ಕಲ್ಲು, ಈ ಮೀನು ಇದರ ಸಂದಿಯಲ್ಲೇ ಹುಟ್ಟಿ ಸಂದಿಯಲ್ಲೇ ಸಾಯುತ್ತೆ ಅಂತ ಬಟ್ಲರು ಹೇಳಿದ. ಬಟ್ಲರು ತಲಚೇರಿಯ ಕಡೆಯವನು. ಸಮುದ್ರದ ವಿಷಯ ಬಂದರೆ ಅವನದೇ ಜಮೀನು ಅನ್ನುವ ಹಾಗೆ ಮಾತಾಡುತ್ತಿದ್ದ.

ಆ ಮೀನಿಗೆ ಒಳ್ಳೆಯ ಗುಣ ಒಂದೂ ಇರಲಿಲ್ಲ. ಕೈ ಹಾಕಿದರೆ ಕಚ್ಚುವುದಕ್ಕೆ ಬರುತ್ತಿತ್ತು. ಅಷ್ಟು ಸಣ್ಣ ಬಾಯಿ, ಕಚ್ಚಿದರೆ ಇರುವೆ ಕಡಿದಷ್ಟೂ ಆಗುತ್ತಿರಲಿಲ್ಲ, ಆದರೂ ಬರುತ್ತಿತ್ತು. ನಿಂತ ನೀರಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ ಅಂತ, ಚೆಂಬಿನಲ್ಲಿ ನೀರು ಎತ್ತಿ ಎತ್ತರದಿಂದ ಮತ್ತೆ ಅದೇ ತೊಟ್ಟಿಗೆ ಹುಯ್ಯಬೇಕಿತ್ತು. ಆ ಕೆಲಸ ಅವ್ವನಿಗೆ ಬಿತ್ತು. ಒಂದಷ್ಟು ಹೊತ್ತು ಹುಯ್ಯುವುದು, ಹೋಗಿ ಕಸ ಗುಡಿಸುವುದು, ಮತ್ತೆ ಬಂದು ಹುಯ್ಯುವುದು. ಸ್ಕೂಲಿಲ್ಲದ ದಿನ ನಾನೂ ಹೋಗುತ್ತಿದ್ದೆ, ಅವ್ವನ ಕೈ ಸೋತಾಗ ನಾನು ಹುಯ್ಯುತ್ತಿದ್ದೆ.

"ನಮ್ಮೂರಲ್ಲಿ ಹೊಲಕ್ಕೆ ನೀರಿಲ್ಲ. ಇಲ್ಲಿ ನೀರಿಗೇ ನೀರು ಹುಯ್ತಿದೀನಿ," ಅಂತ ಅವ್ವ ಅಂದರೆ ಬಟ್ಲರು, "ಚೇಚೀ, ಇದು ರಾಜಕುಮಾರ ಅಲ್ಲವಾ, ನೀನು ಇವನ ಆಯಾ," ಅನ್ನುತ್ತಿದ್ದ. ಚೇಚಿ ಅಂದರೆ ಅವರ ಕಡೆ ಅಕ್ಕ.

ಬೆಳೆ ಕುಯ್ಲು ಮುಗಿಯುವ ಹೊತ್ತಿಗೆ ಕೆಳಗಿನ ಲೈನಿನಲ್ಲಿ ಇಬ್ಬರು ತಮಿಳು ಹೆಂಗಸರಿಗೆ ಸಿಡುಬು ಬಂತು. ಕುಯ್ಲಿಗೆ ಅಂತ ಹೊಸದಾಗಿ ಬಂದ ಗ್ಯಾಂಗಿನವರು. ಎಸ್ಟೇಟಿನಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಲೈನಿನಿಂದ ದೂರ, ತೋಡು ಅನ್ನುವ ಸಣ್ಣ ಹಳ್ಳದ ಆಚೆ ಕಾಡಿನ ಅಂಚಿನಲ್ಲಿ ಹುಲ್ಲು ಹೊದಿಸಿದ ಒಂದು ಶೆಡ್ಡು. ಸಿಡುಬು ಕಂಡವರನ್ನು ಅಲ್ಲಿ ಹಾಕುವುದು. ಒಂದು ಸಲ ಸಿಡುಬು ಬಂದು ಬದುಕಿದವರು ಮಾತ್ರ ಜೊತೆಗೆ ಹೋಗಬಹುದು, ಬೇರೆಯವರು ತೋಡು ದಾಟುವ ಹಾಗಿಲ್ಲ. ಆ ಇಬ್ಬರಿಗೂ ಅಂಥವರು ಯಾರೂ ಇರಲಿಲ್ಲ. ಬುತ್ತಿ ತೋಡಿನ ಬಂಡೆಯ ಮೇಲೆ ಇಟ್ಟು ಬರುತ್ತಿದ್ದರು. ತೆಗೆದುಕೊಂಡರೆ ತೆಗೆದುಕೊಂಡರು. ಗಾಳಿ ನಮ್ಮ ಕಡೆ ಬೀಸಿದಾಗ ನೀರು ನೀರು ಅನ್ನುವುದು ಲೈನಿಗೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನನ್ನ ತಂಗಿಗೆ ಜ್ವರ ಬಂತು. ಮೈ ಕೆಂಡ. ಮುಖದ ಮೇಲೆ ಕೆಂಪಗೆ ಎದ್ದವು, ಆಮೇಲೆ ಕೈ, ಕಾಲು, ಅಂಗಾಲು.

ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಹೆತ್ತವಳನ್ನು ಅವ್ವ ಅನ್ನುತ್ತಿದ್ದೆವು. ಅಮ್ಮ ಅಂದರೆ ಬೇರೆ. ಅಮ್ಮ ಅಂದರೆ ಮಾರಮ್ಮ, ಮೈಮೇಲೆ ಗುಳ್ಳೆಯಾಗಿ ಏಳುವವಳು. ಸಿಡುಬು ಅಂತ ಬಾಯಿಬಿಟ್ಟು ಹೇಳಿದರೆ ಆಕೆಗೆ ಸಿಟ್ಟು. ಮಗುವಿಗೆ ಅಮ್ಮ ಆಗಿದೆ ಅನ್ನಬೇಕು. ಆಗಿದೆ ಅಂದಮೇಲೆ ಆಕೆ ಮನೆಗೆ ಬಂದು ಕೂತಳು ಅಂತ ಲೆಕ್ಕ. ಆಕೆ ಇರುವಷ್ಟು ದಿನ ಒಗ್ಗರಣೆ ಹಾಕುವ ಹಾಗಿಲ್ಲ, ಮಾಂಸ ಮುಟ್ಟುವ ಹಾಗಿಲ್ಲ, ತಲೆ ಬಾಚುವ ಹಾಗಿಲ್ಲ, ಆ ಮನೆಯ ಹೆಂಗಸು ಇನ್ನೊಬ್ಬರ ಮನೆ ಹೊಸಿಲು ತುಳಿಯುವ ಹಾಗಿಲ್ಲ. ಬೇವಿನ ಸೊಪ್ಪಿನ ಮೇಲೆ ಮಗುವನ್ನು ಮಲಗಿಸಿ ತಣ್ಣಗೆ ನೋಡಿಕೊಂಡರೆ ಆಕೆ ತಾನಾಗಿ ಇಳಿದು ಹೋಗುತ್ತಾಳೆ.

ಅದರ ಹಿಂದಿನ ವರ್ಷ ಸರ್ಕಾರದವರು ಲೈನಿಗೆ ಬಂದು, ಸಿಡುಬು ಬರದ ಹಾಗೆ ಸಿಕ್ಕವರಿಗೆಲ್ಲ ತೋಳಿಗೆ ಚುಚ್ಚಿ ದಾಕು ಹಾಕಿದ್ದರು. ನನಗೆ ಆಯಿತು. ತಂಗಿಯನ್ನು ಅವ್ವ ಒಟ್ಟಿದ ಸೌದೆಯ ಹಿಂದೆ ಬಚ್ಚಿಟ್ಟಳು, ತಾನೂ ಅಲ್ಲೇ ಕೂತಳು. ಕೂಸಿಗೆ ಕೆಮ್ಮು ಇದೆ, ಚುಚ್ಚಿದರೆ ತಡೆಯಲ್ಲ ಅಂದಳು. ಅದು ತಪ್ಪು. ಅವ್ವನ ತಪ್ಪು. ಸತ್ತವರ ತಪ್ಪು ಹೇಳಬಾರದು ಅನ್ನುತ್ತಾರೆ, ಹೇಳದಿದ್ದರೆ ತಪ್ಪು ಎಲ್ಲಿಗೆ ಹೋಗುತ್ತೆ?

ಅಪ್ಪ ಕೆಲಸದಿಂದ ಬಂದು ತಂಗಿಯ ಮುಖ ನೋಡಿ ಬಾಗಿಲಲ್ಲೇ ಕೂತ. ಅಪ್ಪನ ಮುಖದ ತುಂಬ ಸಣ್ಣ ಸಣ್ಣ ಗುಂಡಿ, ಹುಡುಗನಾಗಿದ್ದಾಗ ಅವನಿಗೂ ಆಗಿತ್ತು.

"ರೈಟರಿಗೆ ಹೇಳಾಣ," ಅಂದ. ರೈಟರು ಅಂದರೆ ಬೆಳಿಗ್ಗೆ ಹೆಸರು ಕೂಗುವವನು.

"ಹೇಳಿದ್ರೆ ಶೆಡ್ಡಿಗೆ ಹಾಕ್ತಾರೆ."

"ನಾನು ಜೊತೇಲಿ ಹೋಗ್ತೀನಿ ಕಣೆ. ನಂಗೆ ಬಂದೋಗೈತೆ."

"ಹೋಗಿ ಏನ್ಮಾಡ್ತೀಯ? ಹುಲ್ಲಿನ ಸೂರು. ಕೆಳಗೆ ಮಂಜು. ಈ ಚಳೀಲಿ ಕೂಸು ಉಳಿಯುತ್ತಾ? ನನ್ನ ಮಗಳು ನನ್ನ ಒಲೆ ಪಕ್ಕ ಇರ್ಲಿ. ಆಯಮ್ಮ ಇಳಿಯೋಗಂಟ ನಾನು ಯಾರಿಗೂ ಕೊಡಲ್ಲ."

ಅಪ್ಪನೇ ಎದ್ದು ಗೋಣಿ ತಂದ. ತಂಗಿಯನ್ನು ಒಲೆಯ ಹಿಂದಿನ ಮೂಲೆಯಲ್ಲಿ ಮಲಗಿಸಿ ಅಡ್ಡಕ್ಕೆ ಗೋಣಿ ಕಟ್ಟಿದೆವು. ಕೇಳಿದವರಿಗೆ, ಚೆಟ್ಟಳ್ಳಿಯಲ್ಲಿರುವ ಅತ್ತೆಯ ಮನೆಗೆ ಕಳಿಸಿದೀವಿ ಅಂದೆವು. ಕೊಡಗಿನ ಕಡೆ ಬೇವಿನ ಮರ ಇಲ್ಲ, ಮಳೆ ಜಾಸ್ತಿ, ಬದುಕುವುದಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ರಾಗಿ ತರುವ ಗಾಡಿಯವನಿಗೆ, ಮೈಗೆ ಕಜ್ಜಿ ಆಗಿದೆ ಅಂತ ಹೇಳಿ ಅಪ್ಪ ಒಂದು ಹೊರೆ ಬೇವಿನ ಸೊಪ್ಪು ತರಿಸಿದ.

ಲೈನಿನಲ್ಲಿ ಗೋಡೆ ಒಂದೇ. ಪಕ್ಕದ ಮನೆಯ ಹೆಂಗಸು ನೀರಿನ ಹತ್ತಿರ ಅವ್ವನನ್ನು ಕೇಳಿದಳು: "ಏನಕ್ಕಾ, ನಿಮ್ಮನೆ ಬಾಣಲೆ ಮೂಕಾಗೋಯ್ತಾ? ಒಗ್ಗರಣೆ ಸದ್ದೇ ಇಲ್ಲ."

"ಸಾಸಿವೆ ಮುಗೀತು."

"ನಾನು ಕೊಡ್ಲಾ?"

"ಬ್ಯಾಡ."

ಅವಳು ಅವ್ವನ ಮುಖ ನೋಡಿದಳು, ಬಾಚದ ತಲೆ ನೋಡಿದಳು, ಕೊಡ ಎತ್ತಿಕೊಂಡು ಹೋದಳು. ಅವತ್ತಿನಿಂದ ಅವಳ ಮಕ್ಕಳು ನಮ್ಮ ಬಾಗಿಲ ಮುಂದೆ ಆಡುವುದು ನಿಂತಿತು. ಅವಳು ಯಾರಿಗೂ ಹೇಳಲಿಲ್ಲ. ಅಮ್ಮನ ವಿಷಯದಲ್ಲಿ ಚಾಡಿ ಹೇಳಿದವರ ಮನೆಗೆ ಅಮ್ಮ ಬರುತ್ತಾಳೆ ಅನ್ನುವ ಭಯ ಎಲ್ಲರಿಗೂ ಇತ್ತು.

ಅವ್ವ ಬಂಗಲೆಗೆ ಹೋಗುವುದನ್ನು ಬಿಡುವ ಹಾಗಿರಲಿಲ್ಲ. ಬಿಟ್ಟರೆ ಯಾಕೆ ಬರಲಿಲ್ಲ ಅಂತ ಕೇಳಿಕೊಂಡು ಲೈನಿಗೆ ಬರುತ್ತಾರೆ. ಹೋದರೆ ಅಮ್ಮನ ಕಟ್ಟಳೆ ಮುರಿದ ಹಾಗೆ. ಅವ್ವ ಹೋದಳು. ದಿನಾ ಹೊರಡುವಾಗ ಗೋಣಿಯ ಕಡೆ ಕೈಮುಗಿದು, "ತಪ್ಪಾಯ್ತು ತಾಯಿ, ಹೊಟ್ಟೆಪಾಡು," ಅಂದು ಹೋಗುತ್ತಿದ್ದಳು. ಮೀನಿಗೆ ದಿನಾ ಮಾಂಸ ಕೊಚ್ಚಿ ಹಾಕುವುದು ಅವ್ವನ ಕೆಲಸವೇ ಆಗಿತ್ತು. ಈಗ ಮಾಂಸ ಮುಟ್ಟಲ್ಲ ಅಂದಳು.

"ಎಂಥ ಚೇಚೀ, ಬ್ರಾಹ್ಮಣತಿ ಆಯಿತೋ?" ಅಂದ ಬಟ್ಲರು. ನಗುತ್ತಾ ತಾನೇ ಕೊಚ್ಚಿ ಹಾಕಿದ.

ತಂಗಿಯ ಗುಳ್ಳೆಗಳಲ್ಲಿ ನೀರು ತುಂಬಿ ಬೆಳ್ಳಗಾಗುತ್ತಿದ್ದ ಹೊತ್ತಿನಲ್ಲೇ ಮೀನಿನ ಮೈಮೇಲೂ ಚುಕ್ಕೆ ಎದ್ದವು. ಸುಳ್ಳು ಹೇಳುತ್ತಿಲ್ಲ. ಅವತ್ತು ನಾನೂ ಬಂಗಲೆಯಲ್ಲಿದ್ದೆ. ಆ ನೀಲಿ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ, ರೆಕ್ಕೆಯ ಮೇಲೆ, ಬಾಲದ ಮೇಲೆ. ಮೀನು ಹವಳದ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ತಂಗಿಯೂ ಬೆಳಗಿನಿಂದ ಗೋಡೆಗೆ ಮೈ ಉಜ್ಜುತ್ತಿದ್ದಳು, ಕೈ ಕಟ್ಟಿಹಾಕಿ ಬಂದಿದ್ದೆವು.

ಸಾಕಿದ ಮೀನುಗಳಿಗೆ ಚಳಿಯಲ್ಲಿ ಹಾಗೆ ಒಂದು ಚುಕ್ಕೆ ರೋಗ ಬರುತ್ತದೆ ಅಂತ ಮೊಮ್ಮಗ ಈಗ ಹೇಳುತ್ತಾನೆ. ಬರಬಹುದು. ಅವತ್ತು ನಮಗೆ ಅದು ಗೊತ್ತಿರಲಿಲ್ಲ. ಅವ್ವ ಚೆಂಬು ಕೆಳಗಿಟ್ಟು ತೊಟ್ಟಿಯ ಮುಂದೆ ಕುಕ್ಕರಿಸಿದಳು.

"ನಾನೇ ಕರ್ಕೊಂಬಂದೆ ಕಣೆ," ಅಂದಳು ನನಗೆ, ಮೆಲ್ಲಗೆ. "ಮನೇಲಿ ಕೂರಿಸಿಟ್ಟು ಬಂದ್ನಲ್ಲ, ಆಯಮ್ಮ ಹಿಂದೇನೇ ಬಂದವ್ಳೆ."

ಮನೆಗೆ ಹೋಗಿ ಅಪ್ಪನಿಗೆ ಹೇಳಿದರೆ ಅಪ್ಪ ರೇಗಿದ. "ಮೀನಿಗೆ ಅಮ್ಮ ಆಗುತ್ತೇನೇ? ತಲೆ ನೆಟ್ಟಗೈತಾ ನಿಂಗೆ?"

"ಕೋಳಿಗೆ ಆಗಲ್ವಾ? ದನಕ್ಕೆ ಆಗಲ್ವಾ?"

ಮೀನನ್ನು ತಣ್ಣಗೆ ನೋಡಿಕೊಂಡರೆ ಮಗುವಿನ ಮೇಲಿಂದ ಆಯಮ್ಮ ಬೇಗ ಇಳಿಯುತ್ತಾಳೆ ಅನ್ನುವುದು ಅವ್ವನ ತಲೆಗೆ ಹೊಕ್ಕುಬಿಟ್ಟಿತ್ತು. ಎರಡು ಕಡೆಯೂ ಅವಳೇ ಅಲ್ಲವಾ, ಒಂದು ಕಡೆ ಉಪಚಾರ ಮಾಡಿ ಇನ್ನೊಂದು ಕಡೆ ಬಿಟ್ಟರೆ ಸಿಟ್ಟಾಗಲ್ಲವಾ. ಮಾರನೇ ದಿನ ತಂಗಿಯ ಹಾಸಿಗೆಯ ಬೇವಿನಿಂದ ಒಂದು ಕಡ್ಡಿ ಮುರಿದು ಮಡಿಲಲ್ಲಿಟ್ಟುಕೊಂಡು ಹೋಗಿ ತೊಟ್ಟಿಯಲ್ಲಿ ತೇಲಿಬಿಟ್ಟಳು. ತಪ್ಪು ಅಂದರೆ ಅದೇ. ಆ ಒಂದು ಕಡ್ಡಿ.

ದೊರಸಾನಿ ಮಧ್ಯಾಹ್ನ ಬಂದು ನೋಡಿದಳು. ದೊರಸಾನಿಗೆ ಮಕ್ಕಳಿರಲಿಲ್ಲ. ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು ಅಂತ ಬಟ್ಲರು ಹೇಳುತ್ತಿದ್ದ. ಕನ್ನಡ ಕಲಿಯಬೇಕು ಅಂತ ಆಸೆ. ಅಡಿಗೆಯವನ ಮಕ್ಕಳಿಂದ ಒಂದೊಂದು ಮಾತು ಹೆಕ್ಕಿಕೊಂಡಿದ್ದಳು. ಆ ಮಕ್ಕಳು ತಾಯಿಯನ್ನು ಅಮ್ಮ ಅನ್ನುವವರು. ಮೀನಿನ ಮೈ ತೋರಿಸಿ, "ಏನು ಇದು?" ಅಂದಳು.

ಅವ್ವ ತಲೆ ತಗ್ಗಿಸಿ, "ಮೀನಿಗೆ ಅಮ್ಮ ಆಗಿದೆ ದೊರಸಾನಿಯೋರೆ," ಅಂದಳು.

"ಮೀನು ಅಮ್ಮ ಆಗಿದೆ?"

"ಹೂಂ."

ನಡುವೆ ಒಂದು 'ಗೆ' ಬಿದ್ದುಹೋಯಿತು. ಅವ್ವನಿಗೆ ಅದು ಕೇಳಲಿಲ್ಲ, ದೊರಸಾನಿಗೆ ಬೇಕಿರಲಿಲ್ಲ. ಆ ಬಿಳಿ ಮುಖ ಕೆಂಪಾಗಿ ಕಣ್ಣು ಅರಳಿದ್ದು ನೋಡಬೇಕಿತ್ತು. ಚುಕ್ಕೆಗಳನ್ನು ಮೊಟ್ಟೆ ಅಂದುಕೊಂಡಳು, ಬೇವಿನ ಕಡ್ಡಿಯನ್ನು ಗೂಡು ಕಟ್ಟುವುದಕ್ಕೆ ಹಾಕಿದ್ದು ಅಂದುಕೊಂಡಳು. ಅವ್ವನ ಕೈ ಹಿಡಿದು ಕುಲುಕಿದಳು. ಅವ್ವ ಆ ಕೈ ಬಿಡಿಸಿಕೊಳ್ಳುವುದಕ್ಕೆ ಒದ್ದಾಡಿದಳು, ಆ ಕೈಯಲ್ಲೇ ಬೆಳಿಗ್ಗೆ ತಂಗಿಯ ಮೈ ಒರೆಸಿ ಬಂದಿದ್ದಳು.

ಅಡಿಗೆಮನೆಯಲ್ಲಿ ಬಟ್ಲರು ಹೊಟ್ಟೆ ಹಿಡಿದುಕೊಂಡು ನಕ್ಕ. "ಗಂಡು ಇಲ್ಲ, ಒಂದೇ ಮೀನು. ಅಮ್ಮ ಹೇಗೆ ಆಯಿತು ಚೇಚೀ?"

ಅಡಿಗೆಯವನು, "ದೊರೆಗಳ ಮೀನಲ್ವಾ, ಟಪಾಲಿನಲ್ಲಿ ಆಗಿರಬೇಕು," ಅಂದ.

ಅವ್ವ ನಗಲಿಲ್ಲ. ತಾನು ಹೇಳಿದ್ದು ದೊರಸಾನಿಗೆ ಬೇರೆ ಥರ ಮುಟ್ಟಿದೆ ಅಂತ ಅವಳಿಗೆ ಆಗಲೇ ಗೊತ್ತಾದದ್ದು. ಹಾಗೇ ಇರಲಿ ಅಂತ ಬಿಟ್ಟಳು. ಬಿಡದೆ ಇನ್ನೇನು ಮಾಡಬೇಕಿತ್ತು? ತಂಗಿಯ ಗುಳ್ಳೆ ಒಣಗುವುದಕ್ಕೆ ಶುರುವಾದರೆ ಸಾಕಿತ್ತು, ಆಮೇಲೆ ಯಾರಿಗೆ ಏನು ಬೇಕಾದರೂ ಹೇಳಬಹುದಿತ್ತು.

ಅಷ್ಟರಲ್ಲಿ ದೊರೆಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದಕ್ಕೆ ಆಸ್ಪತ್ರೆಯ ಡ್ರೆಸ್ಸರು ಬಂದ. ಮಂಗಳೂರಿನ ಕಡೆಯ ಮನುಷ್ಯ, ಸೈಕಲ್ಲಿನಲ್ಲಿ ಎಸ್ಟೇಟಿಂದ ಎಸ್ಟೇಟಿಗೆ ತಿರುಗುತ್ತಿದ್ದ. ಕೆಟ್ಟವನಲ್ಲ. ಪಟ್ಟಿ ಕಟ್ಟಿ ಮುಗಿದಮೇಲೆ ದೊರಸಾನಿ ಅವನನ್ನು ಜಗಲಿಗೆ ಕರೆತಂದಳು. ಅವ್ವ ನೀರು ಹುಯ್ಯುತ್ತಿದ್ದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಅವರಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ, ಆದರೆ ದೊರಸಾನಿ ತನ್ನ ಕನ್ನಡ ತೋರಿಸಬೇಕಲ್ಲ, ನಡುವೆ ಒಂದು ಸಲ ಜೋರಾಗಿ, "ಮೀನು ಅಮ್ಮ ಆಗಿದೆ," ಅಂದಳು.

ಡ್ರೆಸ್ಸರು ನಗುಮುಖ ಮಾಡಿಕೊಂಡು ಬಗ್ಗಿ ನೋಡಿದ. ಚುಕ್ಕೆ ನೋಡಿದ. ಬೇವಿನ ಕಡ್ಡಿ ನೋಡಿದ. ಬಗ್ಗಿದವನು ಸ್ವಲ್ಪ ಹೊತ್ತು ಏಳಲೇ ಇಲ್ಲ. ಎದ್ದಾಗ ನಗು ಇರಲಿಲ್ಲ. ದೊರಸಾನಿಗೆ ಏನೋ ಒಳ್ಳೆಯ ಮಾತು ಹೇಳಿ ಒಳಗೆ ಕಳಿಸಿದ. ಆಮೇಲೆ ಅವ್ವನ ಕಡೆ ತಿರುಗಿದ.

"ಇದಕ್ಕೆ ಅಮ್ಮ ಅಂತ ಹೇಳಿದ್ದು ನೀನಾ?"

"ಹೂಂ ಸ್ವಾಮಿ."

"ಎಂತ ಹೇಳಿದ್ದು, ಸರಿಯಾಗಿ ಹೇಳು."

"ಮೀನಿಗೆ ಅಮ್ಮ ಆಗಿದೆ ಅಂತ."

"ಮೀನಿಗೆ," ಅಂದ ಅವನು. "ಚೆಂಬು ಇಡು. ಆಚೆ ಬಾ."

ಬಂಗಲೆಯ ಹಿಂದೆ, ಬಾವಿಯ ಹತ್ತಿರ ನಿಲ್ಲಿಸಿದ. ನಾನೂ ಹಿಂದೆ ಹೋದೆ, ಬೇಡ ಅನ್ನಲಿಲ್ಲ.

"ಈ ಸೀಮೆಯಲ್ಲಿ ಬೇವು ಇಲ್ಲ ಮಾರಾಯ್ತಿ. ಒಂದು ಮೀನಿಗೋಸ್ಕರ ಯಾರೂ ಮೈಸೂರು ಸೀಮೆಯಿಂದ ಬೇವು ತರಿಸುವುದಿಲ್ಲ. ಮನೆಯಲ್ಲಿ ಯಾರಿಗೆ?"

ಅವ್ವ ಸೆರಗಿನ ತುದಿ ಸುತ್ತುತ್ತಾ ನಿಂತಳು.

"ಯಾರಿಗೂ ಇಲ್ಲ ಅಂತಾದರೆ ಯಾರಿಗೂ ಇಲ್ಲ ಅನ್ನು. ನಾನು ಹೋಗ್ತೇನೆ."

ಇದನ್ನು ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಆ ಮನುಷ್ಯ ನಿಜವಾಗಿಯೂ ಹೋಗುತ್ತಿದ್ದನೋ, ಬಾಯಿ ಬಿಡಿಸುವುದಕ್ಕೆ ಹಾಗಂದನೋ ಗೊತ್ತಿಲ್ಲ. ಅವ್ವ ಸುಳ್ಳು ಹೇಳದವಳೇನಲ್ಲ. ರೈಟರಿಗೆ ಹೇಳುತ್ತಿದ್ದಳು, ಮೇಸ್ತ್ರಿಗೆ ಹೇಳುತ್ತಿದ್ದಳು, ಚೆಟ್ಟಳ್ಳಿಯ ಅತ್ತೆ ಅನ್ನುವುದೇ ಒಂದು ದೊಡ್ಡ ಸುಳ್ಳು. ಆದರೆ ಅವತ್ತು ಅವಳ ಬಾಯಿಂದ ಬಂದದ್ದು ಇದು:

"ಆಯಮ್ಮ ಮನೇಲಿ ಕೂತಿರುವಾಗ ಇಲ್ಲ ಅಂತ ಹೇಗೆ ಅನ್ಲಿ ಸ್ವಾಮಿ? ಕೇಳಿಸ್ಕೊಳ್ಳಲ್ವಾ?"

ಡ್ರೆಸ್ಸರು ತಲೆ ಕೆರೆದುಕೊಂಡ. "ದೊಡ್ಡವರಿಗಾ, ಮಗುವಿಗಾ?"

"ಕೂಸಿಗೆ."

ಅವ್ವ ಅವನ ಕಾಲು ಹಿಡಿದಳು. ಅವನು ಹಿಂದೆ ಸರಿದ. ಲೈನಿನಲ್ಲಿ ಎಷ್ಟು ಮಕ್ಕಳಿವೆ ಗೊತ್ತಾ ನಿನಗೆ ಅಂದ. ಅವ್ವ, "ನಂಗೆ ಒಂದು ಮಗು ಗೊತ್ತು," ಅಂದಳು.

ಡ್ರೆಸ್ಸರು ಹೋಗಿ ದೊರೆಗೆ ಹೇಳಿದ. ದೊರಸಾನಿಗೆ ಮಾತ್ರ ಏನೂ ತಿಳಿಯಬಾರದು ಅಂತ ದೊರೆಯ ಕಟ್ಟಪ್ಪಣೆ ಆಯಿತು, ಅವಳ ಮೈ ಸರಿಯಿಲ್ಲ, ಹೆದರಿಕೊಳ್ಳುತ್ತಾಳೆ ಅಂತ. ಗುಡಿಸುವವಳಿಗೆ ಜ್ವರ ಅಂತ ಬಟ್ಲರ ಕೈಲಿ ಹೇಳಿಸಿದರು.

ಅವತ್ತೇ ಸಂಜೆಯೊಳಗೆ ನಮ್ಮ ಬಾಗಿಲಿಗೆ ಬಂದರು. ಗೋಣಿ ಸರಿಸಿದಾಗ ತಂಗಿ ಬೆಳಕಿಗೆ ಕಣ್ಣು ಬಿಡಲಾರದೆ, "ಅವ್ವಾ, ಬಾಗ್ಲು ಹಾಕು," ಅಂದಳು. ಕಂಬಳಿಯ ನಾಲ್ಕು ಮೂಲೆ ಗಂಟುಹಾಕಿ ಬಿದಿರಿಗೆ ತೂಗುಹಾಕಿದರು. ಮುಂದೆ ಅಪ್ಪ, ಹಿಂದೆ ಕೆಳಗಿನ ಲೈನಿನ ಒಬ್ಬ ಮುದುಕ, ಅವನಿಗೂ ಮುಖದ ತುಂಬ ಕಲೆ. ಅವ್ವ ತೋಡಿನವರೆಗೆ ಹೋದಳು. ಅಲ್ಲಿ ರೈಟರು ಕೋಲು ಅಡ್ಡ ಹಿಡಿದ.

ನಮ್ಮ ಚಾಪೆ, ಬಟ್ಟೆ, ಗೋಣಿ, ಬೇವಿನ ಸೊಪ್ಪು ಎಲ್ಲವನ್ನೂ ಬಾಗಿಲ ಮುಂದೆ ಸುಟ್ಟರು. ಗೋಡೆಗೆ ಸುಣ್ಣ ಹೊಡೆದರು. ಲೈನಿನಲ್ಲಿ ದಾಕು ಹಾಕಿಸಿಕೊಳ್ಳದೆ ತಪ್ಪಿಸಿಕೊಂಡಿದ್ದವರನ್ನೆಲ್ಲ ಎಳೆದು ನಿಲ್ಲಿಸಿ ಚುಚ್ಚಿದರು, ಅವ್ವನಿಗೂ. ಪಕ್ಕದ ಮನೆಯವಳ ಮಕ್ಕಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಇನ್ನಿಬ್ಬರಿಗೆ ಸಿಡುಬು ಬಂತು, ಬಂದರೂ ಬದುಕಿದರು. ತಂಗಿ ನಮ್ಮ ಒಲೆಯ ಹಿಂದೆಯೇ ಇದ್ದಿದ್ದರೆ ಇಬ್ಬರಿಗೇ ನಿಲ್ಲುತ್ತಿತ್ತಾ? ನಿಲ್ಲುತ್ತಿರಲಿಲ್ಲ. ಒಲೆಯ ಹಿಂದೆ ಇದ್ದಿದ್ದರೆ ತಂಗಿ ಬದುಕುತ್ತಿದ್ದಳಾ? ಬದುಕಬಹುದಿತ್ತು. ಎರಡನ್ನೂ ಒಟ್ಟಿಗೆ ಅವ್ವನ ಮುಂದೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ದಿನಾ ಬೆಳಿಗ್ಗೆ ಅಪ್ಪ ತೋಡಿನ ಆಚೆ ದಡದಲ್ಲಿ ನಿಂತು ಕೂಗುತ್ತಿದ್ದ. ಈಚೆ ಅವ್ವ, ನಾನು.

"ಗಂಜಿ ಕುಡಿದ್ಲು."

"ಎಷ್ಟು?"

"ಒಂದು ಬೊಗಸೆ."

"ಕಣ್ಣು ಬಿಟ್ಲಾ?"

"ಒಂದು ಬಿಟ್ಲು."

ಆಮೇಲೆ, "ನೀರು ಕುಡಿದ್ಲು." ಆಮೇಲೆ, "ಮಲಗವ್ಳೆ." ಅವ್ವ ಗಂಜಿಯ ಮಡಕೆ ತೋಡಿನ ನಡುವಿನ ಬಂಡೆಯ ಮೇಲೆ ಇಟ್ಟು ಹಿಂದೆ ಸರಿದರೆ ಅಪ್ಪ ಬಂದು ಎತ್ತಿಕೊಳ್ಳುತ್ತಿದ್ದ. ಮಂಜು ಬಿದ್ದು ಅವನ ತಲೆಗೂದಲು ಒದ್ದೆಯಾಗಿರುತ್ತಿತ್ತು. ಶೆಡ್ಡಿನ ಹುಲ್ಲು ಸೋರುತ್ತಾ ಅಂತ ಅವ್ವ ಒಂದು ದಿನವೂ ಕೇಳಲಿಲ್ಲ.

ಒಂದು ದಿನ ಆಚೆ ದಡದಲ್ಲಿ ನಿಂತವನು ಏನೂ ಕೂಗಲಿಲ್ಲ. ಅವ್ವ ಮಡಕೆ ಇಟ್ಟಳು, ಹಿಂದೆ ಸರಿದಳು. ಅಪ್ಪ ಮಡಕೆ ಮುಟ್ಟಲಿಲ್ಲ.

"ಗುದ್ದಲಿ ಕಳಿಸು," ಅಂದ.

ಅವ್ವ ಅಲ್ಲೇ ಕೂತಳು. ಗುದ್ದಲಿ ತಂದು ಬಂಡೆಯ ಮೇಲೆ ಇಟ್ಟದ್ದು ನಾನು. ಅಪ್ಪ ಒಬ್ಬನೇ ತಂಗಿಯನ್ನು ಶೆಡ್ಡಿನ ಪಕ್ಕದಲ್ಲೇ ಹೂತ.

ಅಪ್ಪ ಮೈತೊಳೆದು, ಶೆಡ್ಡು ಸುಟ್ಟು ಈಚೆ ಬರುವುದಕ್ಕೆ ಇನ್ನೂ ಕೆಲವು ದಿನ ಹಿಡಿಯಿತು. ಮನೆಯಲ್ಲಿ ಮತ್ತೆ ಒಗ್ಗರಣೆ ಹಾಕಿದೆವು. ಅಮ್ಮ ಇಳಿದು ಹೋದಮೇಲೆ ಹಾಕಬೇಕು, ಅದು ಕಟ್ಟಳೆ. ಸಾಸಿವೆ ಸಿಡಿದ ಸದ್ದಿ‌ಗೆ ಅವ್ವ ಕಿವಿ ಮುಚ್ಚಿಕೊಂಡಳು.

ದೂರ ಇಡುವ ದಿನಗಳೆಲ್ಲ ಮುಗಿದವು ಅಂತ ಡ್ರೆಸ್ಸರು ಹೇಳಿದಮೇಲೆ ಬಂಗಲೆಯಿಂದ ಕರೆ ಬಂತು. ಗುಡಿಸುವವಳು ಬೇಕು, ನೀರು ಹುಯ್ಯುವವಳು ಬೇಕು. ಅವ್ವ ಹೋದಳು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು, ಆಗೆಲ್ಲ ನನ್ನನ್ನು ಒಂದು ಗಳಿಗೆ ಬಿಟ್ಟಿರುತ್ತಿರಲಿಲ್ಲ.

ಮೀನು ಬದುಕಿತ್ತು. ಅಷ್ಟು ದಿನ ಬಟ್ಲರು ಬೈದುಕೊಳ್ಳುತ್ತಾ ನೀರು ಹುಯ್ದಿದ್ದ. ಚುಕ್ಕೆ ಒಂದೂ ಉಳಿದಿರಲಿಲ್ಲ. ನೀಲಿ ಮೈ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅವ್ವ ಚೆಂಬು ಅದ್ದಿದ ಕೂಡಲೇ ಮುಂಚಿನ ಹಾಗೆಯೇ ಕಚ್ಚುವುದಕ್ಕೆ ಬಂತು.

ದೊರಸಾನಿ ಹೊರಗೆ ಬಂದಳು. ಅವ್ವನಿಗೆ ಜ್ವರ ವಾಸಿಯಾಯಿತಾ ಅಂತ ಕೇಳಿದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ತೊಟ್ಟಿ ತೋರಿಸಿ, ತುಂಬ ಬೇಜಾರಿನಲ್ಲಿ, "ಮರಿ ಇಲ್ಲ," ಅಂದಳು.

ಅವ್ವ ನೀರು ಹುಯ್ಯುತ್ತಲೇ ಇದ್ದಳು.

"ಮರಿ ಎಲ್ಲಿ?" ದೊರಸಾನಿ ಮಾತು ಹುಡುಕಿ ಹುಡುಕಿ ಜೋಡಿಸಿದಳು. "ಅಮ್ಮ ತಿಂದಿತಾ? ಅಮ್ಮನೇ ಮರಿ ತಿಂದಿತಾ?"

ಚೆಂಬು ನಿಂತಿತು. ಅವ್ವ ದೊರಸಾನಿಯ ಮುಖವನ್ನು ನೇರವಾಗಿ ನೋಡಿದಳು. ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹೂಂ ದೊರಸಾನಿಯೋರೆ," ಅಂದಳು. "ಅಮ್ಮನೇ ತಗೊಂಡ್ಲು."

ದೊರಸಾನಿಯ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ಅವ್ವನ ತೋಳು ಮುಟ್ಟಿ ತನ್ನ ಭಾಷೆಯಲ್ಲಿ ಏನೋ ಹೇಳಿ ಒಳಗೆ ಹೋದಳು. ಅವ್ವ ಚೆಂಬನ್ನು ತೊಟ್ಟಿಯ ಪಕ್ಕ ಬೋರಲು ಹಾಕಿ, ನನ್ನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಬಟ್ಲರು ಅಡಿಗೆಮನೆಯ ಕಿಟಕಿಯಿಂದ, "ಚೇಚೀ, ಎಲ್ಲಿಗೆ?" ಅಂದ. ಅವಳು ತಿರುಗಲಿಲ್ಲ. ಮಾರನೇ ಬೆಳಿಗ್ಗೆ ಕಳೆ ತೆಗೆಯುವ ಹೆಂಗಸರ ಸಾಲಿನಲ್ಲಿ ಹೋಗಿ ನಿಂತಳು. ರೈಟರು ಒಂದು ಸಲ ನೋಡಿ, ಹೆಸರು ಕೂಗಿದ. ಮೀನು ಆಮೇಲೆ ಎಷ್ಟು ದಿನ ಇತ್ತೋ ನನಗೆ ಗೊತ್ತಿಲ್ಲ. ನಾವು ಕೇಳಲಿಲ್ಲ.

ಮರುವರ್ಷ ಮಳೆಗೆ ಮುಂಚೆ ತೋಡಿನ ಆಚೆಯ ಜಾಗವನ್ನೂ ತೋಟಕ್ಕೆ ಸೇರಿಸಿದರು. ಶೆಡ್ಡು ಇದ್ದ ಕಡೆ ಹೊಸ ಕಾಫಿ ಗಿಡ ನೆಡಬೇಕು ಅಂತ ಆಯಿತು, ಗುಂಡಿ ತೋಡುವ ಗ್ಯಾಂಗಿಗೆ ಅಪ್ಪನನ್ನೇ ಹಾಕಿದರು. ಹಗ್ಗ ಕಟ್ಟಿ, ಅಳತೆಯ ಕೋಲು ಇಟ್ಟು, ಸಾಲಾಗಿ ಗುಂಡಿ ತೋಡಬೇಕು. ಅವ್ವನೂ ನಾನೂ ಮಧ್ಯಾಹ್ನ ಮುದ್ದೆ ತೆಗೆದುಕೊಂಡು ಹೋಗಿದ್ದೆವು. ಅಪ್ಪನ ಸಾಲು ಒಂದು ಕಡೆ ಸೊಟ್ಟಗೆ ಹೋಗಿತ್ತು. ಒಂದು ಗುಂಡಿ ಇರಬೇಕಾದ ಕಡೆ ಇರಲಿಲ್ಲ, ಪಕ್ಕಕ್ಕೆ ಜರುಗಿತ್ತು.

ರೈಟರು ಬಂದು, "ಕಣ್ಣು ಕುರುಡೇನೋ ನಿಂಗೆ? ಹಗ್ಗ ಒಂದು ಕಡೆ, ಗುಂಡಿ ಒಂದು ಕಡೆ," ಅಂತ ಎಲ್ಲರ ಮುಂದೆ ಬೈದ.

"ಕಲ್ಲು ಸಿಕ್ತು," ಅಂದ ಅಪ್ಪ.

ಅಲ್ಲಿ ಕಲ್ಲು ಇರಲಿಲ್ಲ, ಮೆತ್ತಗಿನ ಕಾಡುಮಣ್ಣು. ಅದು ರೈಟರಿಗೂ ಗೊತ್ತಿತ್ತು. ಇನ್ನಷ್ಟು ಬೈದ. ಅಪ್ಪ ಗುದ್ದಲಿಗೆ ಒರಗಿ ನಿಂತು, ಬೈಯುವುದು ಮುಗಿಯುವ ತನಕ ಬೈಸಿಕೊಂಡ. ಆಮೇಲೆ ಮುಂದಿನ ಗುಂಡಿಗೆ ಹೋದ.